ಪ್ರದರ್ಶನಕ್ಕೆ ಮಧ್ಯಯುಗದ ಇಸ್ಲಾಮಿಕ್ ಜಗತ್ತಿನ ನಕ್ಷೆ: ಬಣ್ಣ ಹೇಗೆ ಕೊಡುವುದು?

ಬಂದರು ಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಕಾಲೇಜಿನ ಇತಿಹಾಸ ಪ್ರದರ್ಶನಕ್ಕೆ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಫ್ಲೆಕ್ಸ್ ನಕ್ಷೆ ಮಾಡಿಸಬೇಕಾಗಿದೆ. ವಿಷಯ: ಮಧ್ಯಯುಗದ ಇಸ್ಲಾಮಿಕ್ ಜಗತ್ತು ಮತ್ತು ನಮ್ಮ ಕರಾವಳಿ. ಸಿಕ್ಕಿದ ನಕ್ಷೆಗಳಲ್ಲೆಲ್ಲ ಸ್ಪೇನಿನಿಂದ ಸಿಂಧ್‌ವರೆಗೆ ಒಂದೇ ಹಸಿರು ಬಳಿದು "ಖಲೀಫರ ಸಾಮ್ರಾಜ್ಯ" ಎಂದು ಬರೆದಿದ್ದಾರೆ. ಅದು ಸರಿಯಲ್ಲ ಎಂದು ಗೊತ್ತು. ಆದರೆ ಅದರ ಬದಲು ಏನು ಹಾಕುವುದು? ಎಲ್ಲವನ್ನೂ ತುಂಬಿದರೆ ಪಿಯುಸಿ ಮಕ್ಕಳಿಗೆ ತಲೆಬುಡ ಅರ್ಥವಾಗಲಿಕ್ಕಿಲ್ಲ. ಬಲ್ಲವರು ತಿಳಿಸಿ.

ತಾಳೆಗರಿ

ಮೊದಲು "ಮಧ್ಯಯುಗ" ಎಂಬುದನ್ನು ಬಿಟ್ಟು ಒಂದೇ ಒಂದು ವರ್ಷ ಹಿಡಿಯಿರಿ. 750ರ ಗಡಿ, 969ರ ಗಡಿ, 1258ರ ಗಡಿ ಎಲ್ಲ ಒಂದೇ ಹಾಳೆಯಲ್ಲಿ ಬೆರೆತು ಹೋಗುವುದರಿಂದಲೇ ಆ ಹಸಿರು ಮುದ್ದೆ ಹುಟ್ಟುತ್ತದೆ. ಮಂಗಳೂರಿಗಾದರೆ 1132 ಹೇಳಿ ಮಾಡಿಸಿದ ವರ್ಷ. ಆ ವರ್ಷದ ಅಕ್ಟೋಬರ್ 17ರಂದು, ಟುನೀಷಿಯಾದ ಮಹ್ದಿಯಾದಿಂದ ಬಂದಿದ್ದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಅಶು ಎಂಬ ತುಳುನಾಡಿನ ಹೆಣ್ಣನ್ನು ದಾಸ್ಯದಿಂದ ಬಿಡುಗಡೆ ಮಾಡಿ ಪತ್ರ ಬರೆಸಿದ. ಅವನ ಕಾಗದಪತ್ರಗಳು ಕೈರೋದ ಬೆನ್ ಎಜ್ರಾ ಸಿನಗಾಗಿನ (ಯೆಹೂದಿ ಪ್ರಾರ್ಥನಾಮಂದಿರದ) ಗೆನಿಜಾದಲ್ಲಿ, ಅಂದರೆ ಹಳೆಯ ಕಾಗದ ಎಸೆಯದೆ ಕೂಡಿಡುವ ಕೋಣೆಯಲ್ಲಿ, ಉಳಿದು ನಮಗೆ ಸಿಕ್ಕಿವೆ.

ಇನ್ನು ಬಣ್ಣ. ನೆಲದ ಬಣ್ಣ ನಿಜವಾಗಿ ಆಳುತ್ತಿದ್ದವರದ್ದು, ಗಡಿಪಟ್ಟಿಯ ಬಣ್ಣ ಶುಕ್ರವಾರದ ಖುತ್ಬಾದಲ್ಲಿ (ನಮಾಜಿನ ಪ್ರವಚನದಲ್ಲಿ) ಯಾವ ಖಲೀಫನ ಹೆಸರು ಓದುತ್ತಿದ್ದರೋ ಅವನದ್ದು. ಇವೆರಡನ್ನು ಒಂದು ಮಾಡಿದರೆ ನಕ್ಷೆ ಕೆಟ್ಟಿತು ಎಂದೇ ಲೆಕ್ಕ. ಬಗ್ದಾದಿನಲ್ಲಿ ಅಬ್ಬಾಸಿ ಖಲೀಫ ಅಲ್‌ ಮುಸ್ತರ್ಶಿದ್ ಇದ್ದ, ಸೈನ್ಯಬಲ ಇದ್ದದ್ದು ಸೆಲ್ಜೂಕ್ ತುರ್ಕರ ಕೈಯಲ್ಲಿ. ಇರಾಕ್ ಮತ್ತು ಪಶ್ಚಿಮ ಇರಾನಿಗಾಗಿ ಆ ಮನೆತನದವರು ತಮ್ಮತಮ್ಮಲ್ಲೇ ಕಾದಾಡುತ್ತಿದ್ದರೆ, ಖುರಾಸಾನಿನ ಮರ್ವ್‌ನಲ್ಲಿ ಸಂಜರ್ ಗಟ್ಟಿಯಾಗಿ ಕೂತಿದ್ದ. ಗಜ್ನಿಯಲ್ಲಿ ಬಹ್ರಾಂ ಶಾ. ಮೊರಾಕ್ಕೊ ಮತ್ತು ಸ್ಪೇನಿನಲ್ಲಿ ಅಲ್ಮೊರಾವಿದ್ ಬೆರ್ಬರರು: ಬಗ್ದಾದಿನಿಂದ ಅಷ್ಟು ದೂರ ಇದ್ದರೂ ಅವರು ಮನ್ನಿಸಿದ್ದು ಅಬ್ಬಾಸಿ ಖಲೀಫನನ್ನೇ. ಕೈರೋದಲ್ಲಿ ಮಾತ್ರ ಇನ್ನೊಬ್ಬ ಖಲೀಫ: ಫಾತಿಮಿ ಮನೆತನದವನು, ಶಿಯಾಗಳಲ್ಲಿ ಇಸ್ಮಾಯಿಲಿ ಎಂಬ ಪಂಥದವನು. ಜೆರುಸಲೇಮ್ ಯುರೋಪಿನಿಂದ ಬಂದ ಕ್ರೈಸ್ತ ದಂಡಾಳುಗಳದ್ದು (ಕ್ರುಸೇಡರುಗಳದ್ದು). ಸಿಸಿಲಿ ಎರಡನೇ ರೋಜರ್‌ನದ್ದು: ದೊರೆ ಕ್ರೈಸ್ತ, ಪ್ರಜೆಗಳಲ್ಲಿ ಮುಸ್ಲಿಮರು ಬಹಳ.

"ಶಿಯಾ" ಎಂದು ಒಂದೇ ಗುರುತು ಹಾಕಿದರೂ ತಪ್ಪಾಗುತ್ತದೆ ಮಾರಾಯ್ರೆ. 1132ರಲ್ಲಿ ಇಸ್ಮಾಯಿಲಿಗಳೇ ಮೂರು ಕವಲು. ಇರಾನಿನ ಅಲಮೂತ್ ಕೋಟೆಯ ನಿಜಾರಿಗಳು 1094ರ ಉತ್ತರಾಧಿಕಾರದ ಜಗಳದಲ್ಲೇ ಕೈರೋದಿಂದ ಬೇರೆಯಾಗಿದ್ದರು. 1130ರಲ್ಲಿ ಕೈರೋದ ಖಲೀಫ ಅಲ್‌ ಆಮಿರ್‌ನ ಕೊಲೆಯಾದ ಮೇಲೆ ಯೆಮನಿನ ರಾಣಿ ಅರ್ವಾ ಅವನ ಎಳೆಯ ಮಗ ತಯ್ಯಿಬ್‌ನ ಪಕ್ಷ ಹಿಡಿದಳು. ಇಂದಿನ ದಾವೂದಿ ಬೋಹ್ರಾಗಳ ಪರಂಪರೆ ಈ ಕವಲಿನದ್ದು. ಅದೇ ಯೆಮನಿನ ಏಡನ್ ಬಂದರನ್ನು ಆಳುತ್ತಿದ್ದ ಜುರೈಇಗಳು ಕೈರೋದ ಹೊಸ ಖಲೀಫ ಅಲ್‌ ಹಾಫಿಝ್ ಜತೆ ನಿಂತರು. ನಮ್ಮ ಕಾಳುಮೆಣಸು ಇಳಿಯುತ್ತಿದ್ದದ್ದು ಆ ಏಡನ್‌ನಲ್ಲಿ. ಹಾಗಾಗಿ ಯೆಮನಿಗೆ ಎರಡು ಗಡಿಪಟ್ಟಿ ಬೇಕೇ ಬೇಕು.

ಕಲ್ಯಾಣಪುರ

ಮೇಲಿನದ್ದು ಅರಸರ ಲೆಕ್ಕ. ಪ್ರಜೆಗಳಿಗೆ ಬಣ್ಣ ಬಳಿಯಬೇಡಿ, ಊರೂರಿಗೆ ಚುಕ್ಕಿ ಹಾಕಿ. ಈಜಿಪ್ಟಿನಲ್ಲಿ ಕಾಪ್ಟ್ ಕ್ರೈಸ್ತರು, ಬಗ್ದಾದಿನಲ್ಲಿ ಪೂರ್ವದ ಚರ್ಚಿನ ಮಹಾಗುರುವಿನ ಪೀಠ, ಅಲ್ಲೇ ಯೆಹೂದಿ ವಿದ್ಯಾಪೀಠಗಳ ಪರಂಪರೆ, ಯಜ್ದ್ ಮತ್ತು ಕೆರ್ಮಾನ್ ಕಡೆ ಜರತುಷ್ಟ್ರರು, ಓಮಾನಿನಲ್ಲಿ ಸುನ್ನಿಯೂ ಅಲ್ಲದ ಶಿಯಾವೂ ಅಲ್ಲದ ಇಬಾದಿಗಳು. ಚುಕ್ಕಿಯ ಗಾತ್ರದಲ್ಲಿ ಜನಸಂಖ್ಯೆ ತೋರಿಸಲು ಹೋಗಬೇಡಿ. ಅದಕ್ಕೆ ನಂಬುವಂಥ ಅಂಕಿ ಇಲ್ಲ, ಎಲ್ಲ ಚುಕ್ಕಿಯೂ ಒಂದೇ ಅಳತೆ ಇರಲಿ.

ಪಕ್ಕದಲ್ಲಿ ಒಂದು ಚೌಕಟ್ಟು ಕೈರೋಗೇ ಮೀಸಲಿಡಿ. ಅಲ್ಲಿನ ಎರಡು ಸಂಗತಿಗಳಿಗೆ ಸರಿಸಾಟಿಯಾದ ಉದಾಹರಣೆ ಬೇರೆ ಸಿಗದು. 1131ರಲ್ಲಿ ವಜೀರ ಕುತೈಫಾತ್ ಒಂದೇ ನಗರಕ್ಕೆ ನಾಲ್ವರು ಖಾಜಿಗಳನ್ನು (ನ್ಯಾಯಾಧೀಶರನ್ನು) ನೇಮಿಸಿದ: ಶಾಫಿಈ, ಮಾಲಿಕಿ (ಇವೆರಡು ಸುನ್ನಿಗಳ ನ್ಯಾಯಪಂಥಗಳು), ಇಸ್ಮಾಯಿಲಿ, ಹನ್ನೆರಡು ಇಮಾಮರ ಶಿಯಾ. ಆ ವರ್ಷದ ಕೊನೆಗೇ ಅವನ ಕೊಲೆಯಾಯಿತು. 1135ರಲ್ಲಿ ಖಲೀಫ ಅಲ್‌ ಹಾಫಿಝ್ ಬಹ್ರಾಂ ಎಂಬ ಅರ್ಮೇನಿಯನ್ ಕ್ರೈಸ್ತನನ್ನೇ ವಜೀರನನ್ನಾಗಿ ಮಾಡಿ "ಸೈಫುಲ್ ಇಸ್ಲಾಂ" (ಇಸ್ಲಾಮಿನ ಖಡ್ಗ) ಎಂಬ ಬಿರುದು ಕೊಟ್ಟ. ಎರಡೇ ವರ್ಷದಲ್ಲಿ ರಿದ್ವಾನ್ ಎಂಬ ಸುನ್ನಿ ಸೇನಾನಿ ದಂಗೆಯೆದ್ದು ಅವನನ್ನು ಓಡಿಸಿದ. ಎರಡರಲ್ಲೂ ನೇಮಕವನ್ನಷ್ಟೇ ಬರೆದು ಅದರ ಗತಿ ಏನಾಯಿತೆಂಬುದನ್ನು ಬಿಟ್ಟರೆ ಮಕ್ಕಳಿಗೆ ಅರ್ಧ ಸತ್ಯ ಕೊಟ್ಟಂತೆ.

ಮುಸ್ಲಿಮೇತರ ಪ್ರಜೆಗಳ ಮೇಲಿನ ತಲೆಗಂದಾಯವಾದ ಜಿಜ್ಯಾ ಬಗ್ಗೆಯೂ ಹಾಗೆಯೇ. ಹನಫಿ (ಇನ್ನೊಂದು ಸುನ್ನಿ ನ್ಯಾಯಪಂಥ) ಗ್ರಂಥಗಳ ಪ್ರಕಾರ ವರ್ಷಕ್ಕೆ ಬಡವನಿಗೆ 12, ಮಧ್ಯಮನಿಗೆ 24, ಸಿರಿವಂತನಿಗೆ 48 ದಿರ್ಹಂ. ಹೆಂಗಸರು, ಮಕ್ಕಳು, ದುಡಿಯಲಾಗದವರಿಗೆ ವಿನಾಯಿತಿ. ಗೆನಿಜಾ ಪತ್ರಗಳನ್ನು ನೋಡಿದರೆ ಬೇರೆ ಚಿತ್ರ: ತೆರಿಗೆ ಕಟ್ಟಲಾಗದೆ ಅಡಗಿ ಕೂತವರು, ಬಡವರ ಪಾಲನ್ನು ಚಂದಾ ಎತ್ತಿ ಕಟ್ಟಿದ ಸಮುದಾಯಗಳು. ಶಾಸ್ತ್ರದ ದರ ಬರೆದರೆ ಇದನ್ನೂ ಬರೆಯಿರಿ.

ಬಂದರು ಓದುಗ

ಇಬ್ಬರಿಗೂ ತುಂಬ ಧನ್ಯವಾದ. 1132 ಎಂದೇ ಇಟ್ಟುಕೊಳ್ಳುತ್ತೇನೆ. ಎರಡು ಸಂಶಯ. ಇಸ್ಲಾಮಿಕ್ ಪಂಚಾಂಗದ ಹಿಜರಿ ಇಸವಿಯನ್ನು ಕ್ರಿ.ಶ.ಕ್ಕೆ ತರಲು 622 ಕೂಡಿಸಿದರೆ ಸಾಕಲ್ಲವೇ? ಮತ್ತೆ, ಪ್ರವಾಸಿ ಇಬ್ನ್ ಬತೂತ ಹೇಳಿದ ಮಂಗಳೂರಿನ ನಾಲ್ಕು ಸಾವಿರ ಮುಸ್ಲಿಮರನ್ನು ಇದೇ ನಕ್ಷೆಗೆ ಸೇರಿಸಬಹುದೇ?

ತಾಳೆಗರಿ

ಸಾಲದು. ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಹಿಜರಿ ಸಂಖ್ಯೆಯನ್ನು 0.97ರಿಂದ ಗುಣಿಸಿ ಆಮೇಲೆ 622 ಕೂಡಿಸಿ. 526ಕ್ಕೆ ಹೀಗೆ ಮಾಡಿದರೆ 1132 ಬರುತ್ತದೆ. ಬರೇ ಕೂಡಿಸಿದರೆ ಬರುವುದು 1148, ಅಂದರೆ ರೋಜರ್‌ನ ನೌಕಾಪಡೆ ಬೆನ್ ಯಿಜುವಿನ ಹುಟ್ಟೂರು ಮಹ್ದಿಯಾವನ್ನು ಗೆದ್ದ ವರ್ಷ. ಅಷ್ಟು ಹೊತ್ತಿಗೆ ಅಲ್ಮೊರಾವಿದರ ರಾಜಧಾನಿ ಮರ್ರಾಕೆಶ್ ಕೂಡ ಅಲ್ಮೊಹಾದ್ ಎಂಬ ಇನ್ನೊಂದು ಬೆರ್ಬರ್ ಮನೆತನದ ಪಾಲಾಗಿತ್ತು, ಯೆಹೂದಿಗಳು ಮತ್ತು ಕ್ರೈಸ್ತರ ಮೇಲೆ ಮತಾಂತರದ ಒತ್ತಡ ಬಿದ್ದಿತ್ತು. ಹದಿನಾರು ವರ್ಷದ ತಪ್ಪಿಗೆ ನಕ್ಷೆಯ ಪಶ್ಚಿಮ ಭಾಗ ಪೂರ್ತಿ ಸುಳ್ಳಾಗುತ್ತದೆ. ಹಿಜರಿ 526 ಶುರುವಾದದ್ದು 1131ರ ನವೆಂಬರಿನಲ್ಲಿ, ಆದ್ದರಿಂದ ತಿಂಗಳು ಗೊತ್ತಿಲ್ಲದಿದ್ದರೆ 1131–32 ಎಂದೇ ಬರೆಯಿರಿ.

ಅಳತೆಯ ಮಾತು: ಪಶ್ಚಿಮ ರೇಖಾಂಶ 10ರಿಂದ ಪೂರ್ವ 80, ಉತ್ತರ ಅಕ್ಷಾಂಶ 10ರಿಂದ 45 ತೆಗೆದುಕೊಂಡರೆ ಆರು ಅಡಿ ಅಗಲಕ್ಕೆ ಸರಿಹೊಂದಿ ಕೆಳಗೆ ಒಂದಡಿಗಿಂತ ಹೆಚ್ಚು ಜಾಗ ಉಳಿಯುತ್ತದೆ. ಬಣ್ಣದ ಸೂಚಿ ಅಲ್ಲಿ ಹಾಕಿ. ಮಂಗಳೂರು ಈ ಚೌಕದೊಳಗೆ ಬರುತ್ತದೆ. ಅಲ್ಲಿಗೆ ಆಳುಪರ ಬಣ್ಣ ಹಾಕಿ, ಖಲೀಫನ ಗಡಿಪಟ್ಟಿ ಬೇಡ.

ಕಲ್ಯಾಣಪುರ

ಇಬ್ನ್ ಬತೂತ ಬಂದದ್ದು 1342ರ ಸುಮಾರಿಗೆ, ಅಂದರೆ ಇನ್ನೂರು ವರ್ಷ ಆಚೆ. ಈ ನಕ್ಷೆಗೆ ಬೇಡ, ಬೇರೆ ಫಲಕ ಮಾಡಿ. ಅದರಲ್ಲಿ ನಾಲ್ಕು ಸಾವಿರದ ಅಂಕಿಯನ್ನಷ್ಟೇ ಬರೆಯಬೇಡಿ. ಊರ ಮಗ್ಗುಲಿನ ಕೇರಿಯಲ್ಲಿ ಆ ಮುಸ್ಲಿಮರಿದ್ದರು, ಊರವರಿಗೂ ಅವರಿಗೂ ಆಗಾಗ ಹೊಡೆದಾಟ ನಡೆಯುತ್ತಿತ್ತು, ವ್ಯಾಪಾರಿಗಳು ಬೇಕಾದ್ದರಿಂದ ಅರಸನೇ ರಾಜಿ ಮಾಡಿಸುತ್ತಿದ್ದ ಎಂದೂ ಅವನು ಬರೆದಿದ್ದಾನೆ. ಅಲ್ಲಿನ ಖಾಜಿ ಶಾಫಿಈ, ಬರೆದ ಇಬ್ನ್ ಬತೂತ ಮಾಲಿಕಿ, ಅವನು ಖಾಜಿಯಾಗಿದ್ದ ದೆಹಲಿ ಹನಫಿಗಳದ್ದು. ಮೂರನ್ನೂ ಬಾಣದ ಗುರುತಿನಿಂದ ಜೋಡಿಸಿದರೆ ಆ ಫಲಕಕ್ಕೆ ಅಷ್ಟು ಸಾಕು.