ಎರಡೇ ನಿಮಿಷ ನಿಲ್ಲಿಸಿದ್ರೆ ಏನಾಗತ್ತೆ ಅಂದಿದ್ದಕ್ಕೆ

ಸ್ಕೂಲ್ ಗೇಟ್ ಮುಂದೆ ಎರಡು ನಿಮಿಷ ಕಾರ್ ನಿಲ್ಸಿದ್ರೆ ಏನು ಮಹಾ, ಬರೋರು ನೋಡ್ಕೊಂಡು ಓಡಿಸ್ಲಿ ಅಂತ ಮೇಲೆ ಒಬ್ರು ಹಾಕಿದಾರಲ್ಲ, ಅದಕ್ಕೇ ಹೇಳ್ತಾ ಇದೀನಿ. ಸ್ವಲ್ಪ ಉದ್ದ ಆಗತ್ತೆ, ಬಿಡುವಾದಾಗ ಕೇಳಿ.

ನೀವು ಎರಡು ನಿಮಿಷಕ್ಕೆ ಹೊರಟ್ರೂ ಆ ಜಾಗಕ್ಕೆ ಇನ್ನೊಬ್ರು ಬರ್ತಾರೆ, ಅವರಾದ್ಮೇಲೆ ಮತ್ತೊಬ್ರು. ಬೆಲ್ ಹೊಡೆಯೋ ಹೊತ್ತಿಗೆ ಗೇಟ್ ಉದ್ದಕ್ಕೂ ಗೋಡೆ ಎದ್ದ ಹಾಗೆ. ಆರು ವರ್ಷದ ಮಗು ಸುಮಾರು 115 ಸೆಂಟಿಮೀಟರ್ ಎತ್ತರ, ಸಣ್ಣ ಕಾರೇ 150 ಇರತ್ತೆ. ಎರಡು ಗಾಡಿ ಸಂದಿಯಿಂದ ಮಗು ಬಂದ್ರೆ, ಡ್ರೈವರ್ ಕಣ್ಣಿಗೆ ಬೀಳೋ ಹೊತ್ತಿಗೆ ಅದು ಆಗ್ಲೇ ರಸ್ತೆಯಲ್ಲಿರತ್ತೆ. ನೋಡ್ಕೊಂಡು ಓಡಿಸೋಕೆ ಕಾಣಬೇಕಲ್ಲ!

ಈಗ ಸ್ಪೀಡಿನ ಲೆಕ್ಕ. 30ರಲ್ಲಿ ಬರೋ ಕಾರು, ಕಂಡು ಬ್ರೇಕ್ ಒತ್ತೋಕೆ ಒಂದು ಸೆಕೆಂಡು ಅಂತ ಇಟ್ಕೊಂಡ್ರೆ, ಒಣ ರಸ್ತೆಯಲ್ಲಿ ಹೆಚ್ಚುಕಮ್ಮಿ 13 ಮೀಟರಲ್ಲಿ ನಿಲ್ಲತ್ತೆ. 50ರಲ್ಲಿ ಬರೋದು ಆ ಒಂದು ಸೆಕೆಂಡಲ್ಲೇ 14 ಮೀಟರ್ ಹೋಗಿರತ್ತೆ. ಅಂದ್ರೆ ಮೊದಲನೇ ಕಾರು ನಿಂತಿರೋ ಜಾಗದಲ್ಲಿ ಎರಡನೇದಕ್ಕೆ ಇನ್ನೂ ಬ್ರೇಕೇ ಬಿದ್ದಿಲ್ಲ. ಇಷ್ಟು ಅವಸರ ಮಾಡಿ ಕೊನೆಯ 300 ಮೀಟರಲ್ಲಿ ಉಳಿಯೋದು 14-15 ಸೆಕೆಂಡು.

ಜೀಬ್ರಾ ಹತ್ರ ಎರಡೂ ಕಡೆ ಕನಿಷ್ಠ 10 ಮೀಟರ್ ಖಾಲಿ ಬಿಡಿ. ಅದರಲ್ಲೂ ಗಾಡಿಗಳು ಜೀಬ್ರಾ ಕಡೆಗೆ ಬರೋ ಬದಿ. ಅಲ್ಲಿ ನಿಂತ ಕಾರು, ದಾಟೋಕೆ ಕಾಯ್ತಿರೋ ಮಗುವನ್ನ ಸರಿಯಾಗಿ ಮುಚ್ಚತ್ತೆ. ತಿರುವಲ್ಲೂ ಹಾಗೇ. ಮುಂದಿನ ಗಾಡಿ ಜೀಬ್ರಾ ಹತ್ರ ನಿಂತಿದ್ರೆ ಹಾರ್ನ್ ಹೊಡೆದು ಪಕ್ಕದಿಂದ ನುಗ್ಗಬೇಡಿ, ಅದು ಯಾರಿಗೋ ದಾರಿ ಬಿಡ್ತಿರತ್ತೆ. ಅಕ್ಕಪಕ್ಕದ ಮನೆಯವರ ಗೇಟಿಗೆ ಅಡ್ಡ ನಿಲ್ಲಿಸೋದರ ಬಗ್ಗೆ ಬೇರೆ ಹೇಳಬೇಕಿಲ್ಲ ಅಲ್ವಾ.

ಇಳಿಸೋದು ಯಾವಾಗಲೂ ಫುಟ್‌ಪಾತ್ ಕಡೆಯಿಂದ. ರಸ್ತೆ ಕಡೆ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿಡಿ. ಬ್ಯಾಗ್ ಡಿಕ್ಕಿಗೆ ಹಾಕಬೇಡಿ, ಕಾಲ ಹತ್ರಾನೇ ಇರಲಿ. ತೆಗೆಯೋಕೆ ಹೋದ್ರೆ ನೀವೂ ಮಗೂನೂ ಎರಡು ಬಂಪರ್ ಮಧ್ಯ ನಿಂತಿರ್ತೀರ. ಡ್ರೈವರ್ ಬಾಗಿಲನ್ನ ಅದಕ್ಕೆ ದೂರದ ಕೈಯಿಂದ ತೆಗೀರಿ. ಆಗ ಮೈ ತಿರುಗತ್ತೆ, ಹಿಂದಿನಿಂದ ಬರೋ ಸೈಕಲ್ ಕಾಣತ್ತೆ. ಸ್ಕೂಟರಿನವರು ಮೊದಲು ಎಂಜಿನ್ ಆಫ್ ಮಾಡಿ, ಆಮೇಲೆ ಮಗು ಇಳಿಸಿ. ಮುಂದೆ ನಿಂತ ಮಗು ಇಳಿಯುವಾಗ ಆಸರೆಗೆ ಹಿಡಿಯೋದೇ ಹ್ಯಾಂಡಲ್, ಆಕ್ಸಿಲರೇಟರ್ ತಿರುಗಿದ್ರೆ ಗಾಡಿ ಎಲ್ಲರನ್ನೂ ಎಳ್ಕೊಂಡು ಹೋಗತ್ತೆ.

ಗೇಟ್ ಎದುರು ರಿವರ್ಸ್ ಬೇಡವೇ ಬೇಡ. ಕ್ಯಾಮೆರಾ ಇದ್ರೂ ಪಕ್ಕದಿಂದ ಓಡಿ ಬಂದ ಮಗು ತಡವಾಗಿ ಕಾಣತ್ತೆ. ಸುತ್ತು ಹಾಕ್ಕೊಂಡು ಮುಂದಕ್ಕೇ ಹೋಗಿ.

ಮನೆಗೆ ಹೋಗೋ ಹೊತ್ತಲ್ಲಿ ಎಲ್ಲರೂ ಮಾಡೋ ತಪ್ಪು ಒಂದಿದೆ: ರಸ್ತೆ ಆ ಕಡೆ ನಿಂತು ಕೈ ಬೀಸಿ ಕರೆಯೋದು. ಅಮ್ಮನ ಮುಖ ಕಂಡ ಮಗುವಿಗೆ ರಸ್ತೆ ಕಾಣಲ್ಲ. ನೀವೇ ದಾಟಿ ಹೋಗಿ, ಕೈ ಹಿಡ್ಕೊಂಡು ಬನ್ನಿ.

ಇದಕ್ಕೆಲ್ಲ ಸುಲಭದ ದಾರಿ, ಗಾಡಿ 300 ಮೀಟರ್ ದೂರ ನಿಲ್ಲಿಸಿ ನಡೆಯೋದು. ಮಗುವಿನ ಹೆಜ್ಜೆಗೆ ಐದಾರು ನಿಮಿಷ. ಕಾಯುವಾಗ ಎಂಜಿನ್ ಆಫ್ ಇರಲಿ, ಸೈಲೆನ್ಸರ್ ಹೊಗೆಗೆ ಮಕ್ಕಳ ಮೂಗೇ ಹತ್ರ.

ಮಳೆ ದಿನ ಮಾತ್ರ ಗೇಟಲ್ಲೇ ಬಿಡ್ತೀವಿ ಅಂತಾರೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ದೂರ ಒಂದೂವರೆಯಿಂದ ಎರಡು ಪಟ್ಟು ಆಗತ್ತೆ, ಗ್ಲಾಸ್ ಮಂಜು ಹಿಡಿದಿರತ್ತೆ, ಮಗು ಕೊಡೆ ಅಡ್ಡ ಹಿಡ್ಕೊಂಡಿರತ್ತೆ. ಅವತ್ತಿಗೆ ರೇನ್‌ಕೋಟ್ ಹಾಕಿ, ಗಾಢ ಬಣ್ಣದ್ದಲ್ಲ, ಹಳದಿಯದು.