ಜಿಂಕೆ ಸೀಸನ್: ಕ್ರಾಸ್‌ಬೋನಾ, ಕೇಪಿನ ಕೋವಿನಾ?

ಪ್ರಶ್ನೆ (ಕೋಥ್ರೂಡ್, ಪುಣೆ): ಅಮೆರಿಕದಲ್ಲಿರುವ ಭಾವ ಈ ಸಲ ಜಿಂಕೆ ಬೇಟೆಯ ಸೀಸನ್‌ಗೆ ಕರೆದಿದ್ದಾರೆ. ಅವರ ಹತ್ತಿರ ಕ್ರಾಸ್‌ಬೋ (ಟ್ರಿಗರ್ ಒತ್ತಿ ಬಾಣ ಬಿಡುವ ಬಿಲ್ಲು), ಕೇಪಿನ ಕೋವಿ (ಮೂತಿಯಿಂದ ಮದ್ದು, ಗುಂಡು ತುಂಬಿ, ಕೇಪು ಎಂಬ ಚಿಕ್ಕ ಸಿಡಿಯುವ ಟೋಪಿಯಿಂದ ಹೊತ್ತಿಸುವ ಬಂದೂಕು) ಎರಡೂ ಇವೆ. ಹೊಸಬರು ಎಲ್ಲಿ ಎಡವುತ್ತಾರೆ?

ಉತ್ತರ ೧ (ಠಾಣೆ): ಮೊದಲು ಆ ರಾಜ್ಯದ ಲೈಸೆನ್ಸ್, ತರಬೇತಿಯ ನಿಯಮ ನೋಡಿ ಸರ್. ಕ್ರಾಸ್‌ಬೋದಲ್ಲಿ ಬಾಣ ಇಡದೆ ಟ್ರಿಗರ್ ಒತ್ತಲೇಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಬಡಿದು ಅದರ ತೋಳು ಸೀಳುತ್ತೆ, ದಾರ ಹರಿಯುತ್ತೆ. ಬಾಣದ ಹಿಂತುದಿ ಕಂಪನಿ ಹೇಳಿದ ಆಕಾರದ್ದೇ ಇರಲಿ. ತಪ್ಪಿದರೆ ದಾರ ಬಾಣದ ಮೇಲೆ ಹಾರುತ್ತೆ, ಪರಿಣಾಮ ಅದೇ. ಹೆಬ್ಬೆರಳು ದಾರ ಓಡುವ ಹಳಿಗಿಂತ ಕೆಳಗಿರಲಿ, ಇಲ್ಲದಿದ್ದರೆ ಬೆರಳು ಹೋಯ್ತು.

ಉತ್ತರ ೨ (ಪಿಂಪ್ರಿ): ಕೇಪಿನ ಕೋವಿಗೆ ದೊಡ್ಡ ಶತ್ರು ತೇವ, ಎಣ್ಣೆ ರೀ. ತುಂಬೋ ಮುಂಚೆ ನಳಿಕೆಯೊಳಗೆ ಒಣ ಬಟ್ಟೆ ಆಡಿಸಿ, ಬರೀ ಕೇಪು ಒಂದೆರಡು ಹಾರಿಸಿ. ಕಪ್ಪು ಮದ್ದು ಅಥವಾ ಅದರ ಬದಲಿ ಮಾತ್ರ, ಅಳತೆ ತೂಕದಲ್ಲಲ್ಲ, ಗಾತ್ರದಲ್ಲಿ. ಈಗಿನ ತೋಟಾದ ಹೊಗೆರಹಿತ ಮದ್ದು ಹಾಕಿದರೆ ನಳಿಕೆ ಸಿಡೀತದ. ಗುಂಡು ಮದ್ದಿಗೆ ತಾಗಿ ಕೂರಬೇಕು, ನಡುವೆ ಖಾಲಿ ಜಾಗ ಬಿಡಬಾರದು. ಅದಕ್ಕೇ ಗುಂಡು ತಳ್ಳೋ ಕಡ್ಡಿ ಮೇಲೆ, ಗುಂಡು ಪೂರ್ತಿ ಕೂತಾಗ ಮೂತಿಗೆ ಬರೋ ಕಡೆ ಗೆರೆ ಹಾಕಿಡಿ. ಕೇಪು ಹೊಡೆದೂ ಗುಂಡು ಹಾರದಿದ್ದರೆ ಒಂದು ನಿಮಿಷ ಮೂತಿ ಗುರಿ ಕಡೆಗೇ ಇರಲಿ, ತಡವಾಗಿ ಹೊತ್ತಬಹುದು. ಅವತ್ತೇ ತೊಳೀರಿ, ಆ ಮಸಿ ಗಾಳಿಯ ತೇವ ಹೀರಿ ತುಕ್ಕು ಹಿಡಿಸ್ತದ.

ಉತ್ತರ ೩ (ಮಡಗಾಂವ್): ಹೊಸಬರಿಗೆ ಕ್ರಾಸ್‌ಬೋನೇ ಸರಿ, ಆದರೆ 30 ಗಜದೊಳಗೆ ಮಾತ್ರ. ಭಾರತದಲ್ಲಿ ಮಾತ್ರ ಆ ಯೋಚನೆ ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ.