ಸಹಾಯ ಬೇಕು: ಎಂಎಸ್‌ಜಿ ಫೈಲುಗಳನ್ನು ಇಎಂಎಲ್‌ಗೆ ಬದಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಪ್ಪ ನಿವೃತ್ತರಾಗುವಾಗ ಔಟ್‌ಲುಕ್‌ನಿಂದ ಉಳಿಸಿಕೊಂಡ ಮೇಲ್‌ಗಳು ಒಂದು ಪೆನ್‌ಡ್ರೈವ್‌ನಲ್ಲಿವೆ. ಎಲ್ಲವೂ ಎಂಎಸ್‌ಜಿ (.msg), ಅಂದರೆ ಔಟ್‌ಲುಕ್‌ನದೇ ಮಾದರಿಯ ಫೈಲುಗಳು. ಮನೆಯ ಕಂಪ್ಯೂಟರಿನಲ್ಲಿರುವುದು ಉಬುಂಟು (ಲಿನಕ್ಸ್), ಮೇಲ್ ಓದಲು ಥಂಡರ್‌ಬರ್ಡ್; ಅದರಲ್ಲಿ ಇವು ತೆರೆಯುವುದಿಲ್ಲ. ಬೇರೆ ಮೇಲ್ ತಂತ್ರಾಂಶಗಳೂ ಓದುವ ಇಎಂಎಲ್ (.eml) ಆಗಿದ್ದರೆ ಚಿಂತೆ ಇರಲಿಲ್ಲ. ಅದು ಬರೀ ಟೆಕ್ಸ್ಟ್; ಯಾವ ಎಡಿಟರಿನಲ್ಲಿ ತೆರೆದರೂ ಯಾರಿಂದ, ಯಾವಾಗ ಬಂತು ಅಂತ ಓದಬಹುದು. ಎಂಎಸ್‌ಜಿ ಹಾಗಲ್ಲ, ಹಳೆಯ ವರ್ಡ್ ಫೈಲುಗಳ ಹಾಗೆ ಬೈನರಿ, ಎಡಿಟರಿನಲ್ಲಿ ತೆರೆದು ಓದುವಂಥದ್ದಲ್ಲ. ಸುಮ್ನೆ ಎಕ್ಸ್‌ಟೆನ್ಶನ್ ಬದಲಿಸಿದರೆ ಆಗುವುದಿಲ್ಲ.

ಈ ಬದಲಾವಣೆಗೆ ಎಂಎಸ್‌ಜಿಕನ್ವರ್ಟ್ (msgconvert) ಎಂಬ, ಪರ್ಲ್ ಭಾಷೆಯಲ್ಲಿ ಬರೆದ ಸಣ್ಣ ಪ್ರೋಗ್ರಾಂ ಇದೆ. ಬಳಸಿದವರು ಯಾರಾದರೂ ಇದ್ದೀರಾ? ಕನ್ನಡ ಅಕ್ಷರಗಳು ಕೆಡದೆ ಬರುತ್ತವೆಯೇ? ಅಟ್ಯಾಚ್‌ಮೆಂಟ್, ಮೂಲ ತಾರೀಕು ಉಳಿಯುತ್ತವೆಯೇ? ಆನ್‌ಲೈನ್ ಕನ್ವರ್ಟರ್ ಮಾತ್ರ ಬೇಡ. ಪಿಂಚಣಿ, ಬ್ಯಾಂಕಿನ ಕಾಗದಗಳೇ ಜಾಸ್ತಿ ಇವೆ. ಇಡೀ ಫೋಲ್ಡರನ್ನು ಒಟ್ಟಿಗೆ ಬದಲಿಸುವ ಕಮಾಂಡ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ.